ಎರೆಮಣ್ಣಿನ ಕಪ್ಪು, ಹತ್ತಿಯ ಬಿಳುಪು

ಧಾರವಾಡದಿಂದ ಸವದತ್ತಿಯ ದಾರಿ ಹಿಡಿದು ಸುಮಾರು 10 ಕಿಲೋಮೀಟರು ಸಾಗುವಷ್ಟರಲ್ಲಿ, ಮಲೆನಾಡಿನ ಸೆರಗಿನ ಹಸಿರು ಹಿಂದೆ ಸರಿದು, ಕಣ್ಣು ಹಾಯುವವರೆಗೆ ಎರೆಭೂಮಿ ಹಾಸಿಕೊಂಡಿರುವ ಬಯಲಿನಲ್ಲಿ ಅಮ್ಮಿನಬಾವಿ ಎಂಬ ಗ್ರಾಮವು ಎದುರಾಗುತ್ತದೆ. ಅವಳಿನಗರದ ನಿವಾಸಿಗಳು ಈ ಹೆಸರನ್ನು ಬಲ್ಲುದು ಬಹುಮಟ್ಟಿಗೆ ನೀರಿನ ನಿಮಿತ್ತವಾಗಿ. ಸವದತ್ತಿಯ ಜಲಾಶಯದಿಂದ ಬರುವ ಮಲಪ್ರಭೆಯ ನೀರು ಇಲ್ಲಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಹುಬ್ಬಳ್ಳಿ-ಧಾರವಾಡಗಳ ಮನೆಗಳನ್ನು ಸೇರುವುದರಿಂದ, ಇಲ್ಲಿ ಯಂತ್ರವೊಂದು ನಿಂತರೆ ಅಲ್ಲಿ ಎಷ್ಟೋ ಓಣಿಗಳ ಕೊಡಗಳು ಬರಿದಾಗುತ್ತವೆ. ಪ್ರಾಚೀನ ಜೈನ ಬಸದಿಯನ್ನೂ ಹಳೆಯ ಶಿಲಾಶಾಸನಗಳನ್ನೂ ಉಳ್ಳ ಈ ಊರು, ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳಿಗೆ ಛಾಯಾಗ್ರಹಣದ ಮೊದಲ ಪಾಠಶಾಲೆಯಾಯಿತು. ಆ ಪಾಠವನ್ನು ಪಕ್ಕದಲ್ಲಿ ನಿಂತು ನೋಡಿದ ನನಗೆ, ನಮ್ಮ ಶಾಲೆ ಕಾಲೇಜುಗಳು ಮಾಡದೆ ಬಿಟ್ಟಿರುವ ಕೆಲಸವೊಂದು ನಿಚ್ಚಳವಾಗಿ ಕಂಡಿತು.

ಆಕೆ ನನ್ನ ತಂಗಿಯ ಮೊಮ್ಮಗಳು, ಪಿಯುಸಿ ಓದುತ್ತಿರುವವಳು. ರಜೆಯಲ್ಲಿ ಹಳ್ಳಿಯ ಬದುಕನ್ನು ಕುರಿತು ಹತ್ತು ಚಿತ್ರಗಳನ್ನು ತೆಗೆದು ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ; ಹೇಗೆ ತೆಗೆಯಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ಬಂಧುಗಳ ಹೊಲಕ್ಕೆ ಅವಳನ್ನು ಕರೆದೊಯ್ದೆ. ಅರ್ಧ ತಾಸಿನೊಳಗೆ ಅವಳು ತನ್ನ ಮೊಬೈಲಿನಲ್ಲಿ ನೂರಾರು ಚಿತ್ರಗಳನ್ನು ತುಂಬಿಕೊಂಡು, ಬದುವಿನ ಮೇಲೆ ಕುಳಿತಿದ್ದ ನನ್ನ ಬಳಿಗೆ ಬಂದಾಗ ಮುಖ ಬಾಡಿತ್ತು. "ಅಜ್ಜಾ, ಇಲ್ಲಿ ನೋಡು. ಯರಿ ಮಣ್ಣು ಎಷ್ಟು ಕರ್ರಗ ಐತಿ, ಫೋಟೋದಾಗ ಬೂದಿ ಹಂಗ ಬಂದೈತಿ. ಹತ್ತಿನೂ ಬೆಳ್ಳಗ ಬಂದಿಲ್ಲ, ಮಾಸಿದ ಧೋತರ ಆದಂಗ ಆಗೇತಿ," ಎಂದಳು. ನಾನು ನೋಡಿದೆ. ಅವಳು ಹೇಳಿದುದು ಅಕ್ಷರಶಃ ನಿಜವಾಗಿತ್ತು. ರಂಟೆ ಹೊಡೆದು ಬಿಟ್ಟಿದ್ದ, ಬೆಳಗಿನ ಇಬ್ಬನಿಗೆ ಇನ್ನೂ ಒದ್ದೆಯಾಗಿದ್ದ ಆ ನೆಲದ ಕಪ್ಪು, ಪರದೆಯ ಮೇಲೆ ಒಲೆಯ ಬೂದಿಯ ಬಣ್ಣವನ್ನು ತಾಳಿತ್ತು. ಪಕ್ಕದ ಹೊಲದಲ್ಲಿ ಬಿರಿದು ನಿಂತಿದ್ದ ಹತ್ತಿಯ ಬಿಳುಪು ಕೂಡ ಹೆಚ್ಚು ಕಡಮೆ ಅದೇ ಬಣ್ಣಕ್ಕೆ ಇಳಿದಿತ್ತು. ಕಣ್ಣಿಗೆ ಹಗಲು ರಾತ್ರಿಗಳಷ್ಟು ಅಂತರವುಳ್ಳ ಎರಡು ವಸ್ತುಗಳನ್ನು ಯಂತ್ರವು ಒಂದೇ ಬೂದಿಯಲ್ಲಿ ಅದ್ದಿ ತೆಗೆದಿತ್ತು.

ಇದು ಯಂತ್ರದ ದೋಷವೆನ್ನುವುದಕ್ಕಿಂತ ಅದರ ಸ್ವಭಾವವೆನ್ನುವುದು ಸರಿ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ವ್ಯವಸ್ಥೆಯೊಂದಿದೆ. ಅದಕ್ಕೆ ತನ್ನೆದುರಿಗಿರುವುದು ಎರೆಮಣ್ಣೋ ಹತ್ತಿಯೋ ಎಂಬುದು ತಿಳಿಯದು. ಲೋಕದ ದೃಶ್ಯಗಳನ್ನೆಲ್ಲ ಸರಾಸರಿ ಹಿಡಿದರೆ ಅವು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸುವ ನಡುಬೂದಿಯಾಗಿರುತ್ತವೆ ಎಂಬುದು ಛಾಯಾಗ್ರಹಣದಲ್ಲಿ ಬಹುಕಾಲದಿಂದ ನಡೆದುಬಂದ ಎಣಿಕೆ. ಆ ಎಣಿಕೆಯಂತೆ, ಚೌಕಟ್ಟಿನ ತುಂಬ ಕಪ್ಪು ಮಣ್ಣು ಕಂಡರೆ ಬೆಳಕು ಸಾಲದೆಂದು ಭಾವಿಸಿ ಅದು ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಚೌಕಟ್ಟಿನ ತುಂಬ ಹತ್ತಿ ಕಂಡರೆ ಬೆಳಕು ಮೀರಿತೆಂದು ತಿಳಿದು ಕಡಿಮೆ ಮಾಡಿಕೊಳ್ಳುತ್ತದೆ. ಮೊಬೈಲಿನ ಪರದೆಯನ್ನು ಬೆರಳಿನಿಂದ ಮುಟ್ಟಿದಾಗ ಹೆಚ್ಚಿನ ಫೋನುಗಳಲ್ಲಿ ಸಣ್ಣ ಸೂರ್ಯನ ಗುರುತೊಂದು ಮೂಡುತ್ತದಷ್ಟೆ. ಅದನ್ನು ಮೇಲಕ್ಕೆ ಸರಿಸಿದರೆ ಚಿತ್ರ ಬೆಳಗಾಗುತ್ತದೆ, ಕೆಳಕ್ಕೆ ಸರಿಸಿದರೆ ಕಪ್ಪಾಗುತ್ತದೆ. ಕಪ್ಪು ಮಣ್ಣಿಗೆ ಬೆಳಕನ್ನು ಇಳಿಸಬೇಕು, ಬಿಳಿಯ ಹತ್ತಿಗೆ ಏರಿಸಬೇಕು. ಇದು ಹುಡುಗಿಗೆ ಮೊದಲು ವಿಪರೀತವಾಗಿ ತೋರಿತು. ಕತ್ತಲೆಯ ವಸ್ತುವಿಗೆ ದೀಪ ಹಿಡಿಯುವುದಲ್ಲವೆ ಲೋಕರೂಢಿ! ಆದರೆ ಒಮ್ಮೆ ಮಾಡಿ ನೋಡಿದ ಮೇಲೆ, ಮಣ್ಣು ಮಣ್ಣಾಗಿಯೂ ಹತ್ತಿ ಹತ್ತಿಯಾಗಿಯೂ ಮೂಡಿದುದನ್ನು ಕಂಡ ಅವಳ ಮುಖದಲ್ಲಿ ಬೆಳಗಿದ ಸಂತೋಷವನ್ನು, ಲೆಕ್ಕವೊಂದು ತಾನೇ ತಾನಾಗಿ ಬಿಡಿಸಿಕೊಂಡಾಗ ಮಕ್ಕಳ ಮುಖದಲ್ಲಿ ಕಾಣುವ ಸಂತೋಷಕ್ಕೆ ಮಾತ್ರ ಹೋಲಿಸಬಹುದು.

ಡಿಜಿಟಲ್ ಛಾಯಾಗ್ರಹಣದ ಮೂಲಪಾಠವೆಂದು ನಾನು ಕರೆಯುವುದು ಇದನ್ನೇ. ಯಂತ್ರವು ನಮಗಾಗಿ, ನಮ್ಮನ್ನು ಕೇಳದೆ, ಮಾಡುತ್ತಿರುವ ನಿರ್ಣಯಗಳು ಯಾವುವು ಎಂಬುದನ್ನು ತಿಳಿದು, ಅವುಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ನಿರಾಕರಿಸಬೇಕು ಎಂದು ಸ್ವತಃ ನಿಶ್ಚಯಿಸುವುದು ಆ ವಿದ್ಯೆಯ ಆರಂಭ. ನಮ್ಮ ಕಡೆಯ ಆಡುಮಾತಿನಲ್ಲಿ 'ಫೋಟೋ ಹೊಡಿ' ಎನ್ನುತ್ತೇವೆ. ಉಳಿದೆಡೆ 'ತೆಗೆ' ಎನ್ನುತ್ತಾರೆ. ಹೊಡೆಯುವುದಕ್ಕೂ ತೆಗೆಯುವುದಕ್ಕೂ ಕೈ ಸಾಕು. ಛಾಯಾಗ್ರಹಣವೆಂಬ ಸಂಸ್ಕೃತ ಪದದೊಳಗಾದರೋ 'ಗ್ರಹಣ'ವಿದೆ. ಪಾಠವನ್ನು ಗ್ರಹಿಸಿದೆಯಾ ಎಂದು ಗುರುವು ಶಿಷ್ಯನನ್ನು ಕೇಳುವಾಗಿನ ಗ್ರಹಣವೂ ಅದರಲ್ಲಿ ಸೇರಿದೆ. 'ಛಾಯೆ'ಯೆಂಬುದಕ್ಕೂ ನೆರಳು, ಕಾಂತಿ ಎಂದು ಎರಡರ್ಥಗಳುಂಟು. ನೆರಳನ್ನೂ ಕಾಂತಿಯನ್ನೂ ಮನಸ್ಸಿನಿಂದ ಗ್ರಹಿಸುವ ಈ ವಿದ್ಯೆಯ ಉಪಕರಣವನ್ನು ನಾವು ಹತ್ತು ಹನ್ನೆರಡು ವರ್ಷಗಳಿಂದೀಚೆಗೆ ಮನೆಮನೆಯ ಮಕ್ಕಳ ಕೈಯಲ್ಲಿಟ್ಟಿದ್ದೇವೆ. ಆ ಉಪಕರಣವನ್ನು ಕುರಿತು ಒಂದೇ ಒಂದು ಗಂಟೆಯ ಪಾಠವನ್ನಾದರೂ ಅವರಿಗೆ ಕೊಟ್ಟಿಲ್ಲ. ಅಕ್ಷರ ಕಲಿಸದೆ ಲೇಖನಿ ಕೊಟ್ಟರೆ ಮಗು ಗೋಡೆಯ ಮೇಲೆ ಗೀಚುವುದು ಸಹಜವಲ್ಲವೆ?

ಬೇರೆ ಪ್ರಾಂತದವರು ಈ ಉಪೇಕ್ಷೆಯನ್ನು ಮಾಡಿದ್ದರೆ ಕ್ಷಮ್ಯವೆನ್ನಬಹುದಿತ್ತೇನೋ. ಧಾರವಾಡದ ಸೀಮೆಯವರಿಗೆ ಅದು ಸಲ್ಲದು. ಭರತಖಂಡದಲ್ಲಿ ಛಾಯಾಗ್ರಹಣವು ಇನ್ನೂ ಅಂಬೆಗಾಲಿಡುತ್ತಿದ್ದ ದಿನಗಳಲ್ಲಿ, 1855ರಲ್ಲಿ, ಮುಂಬಯಿ ಸರಕಾರವು ತನ್ನ ತೋಪುಖಾನೆಯ ಅಧಿಕಾರಿಯಾಗಿದ್ದ ಥಾಮಸ್ ಬಿಗ್ಸ್ ಎಂಬಾತನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು; ಆತ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕೆಲಸ ಮಾಡಿದನು. ಅವನ ತರುವಾಯ ವೈದ್ಯನಾಗಿದ್ದ ವಿಲಿಯಂ ಹೆನ್ರಿ ಪಿಗೂ ಆ ಕಾರ್ಯವನ್ನು ಮುಂದುವರಿಸಿದನು. ಇವರಿಬ್ಬರ ಮತ್ತು ನೀಲ್ ಎಂಬ ಇನ್ನೊಬ್ಬ ಅಧಿಕಾರಿಯ ಚಿತ್ರಗಳನ್ನು ಕೂಡಿಸಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪ ಎಂಬರ್ಥದ ಹೆಸರಿನ ಹೊತ್ತಿಗೆಯೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸುರಪುರದ ಸಂಸ್ಥಾನದೊಡನೆ ನಿಕಟ ಸಂಬಂಧವಿದ್ದ ಮೆಡೋಸ್ ಟೇಲರನೂ, ವಾಸ್ತುಶಾಸ್ತ್ರದ ಇತಿಹಾಸಕಾರನಾದ ಜೇಮ್ಸ್ ಫರ್ಗುಸನ್ನನೂ ಅದಕ್ಕೆ ಲೇಖನಗಳನ್ನು ಬರೆದರು. ಬೆಳ್ಳಿಯ ಲವಣವನ್ನು ಸವರಿದ ಕಾಗದವೇ ಬಿಗ್ಸನಿಗೆ ಫಿಲ್ಮು. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಕುಡಿಸಬೇಕು. ಕಾಗದ ಕೆಟ್ಟರೆ ಶ್ರಮವೆಲ್ಲ ಕೆಟ್ಟಿತು. ಅಂತಹ ವಿದ್ಯೆಯಲ್ಲಿ, ಕಂಬದ ಮೇಲೆ ಬಿಸಿಲು ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಳುತ್ತದೆಂದು ಮೊದಲೇ ನೋಡಿಕೊಳ್ಳದೆ ಪೆಟ್ಟಿಗೆಯನ್ನು ತೆರೆಯುವವರು ಯಾರು? ಕಾಯುವುದು ಅವರಿಗೆ ಅನಿವಾರ್ಯವಾಗಿತ್ತು, ಆ ಅನಿವಾರ್ಯತೆಯೇ ಅವರಿಗೆ ಗುರುವಾಯಿತು. ಇಂದಿನ ವಿದ್ಯಾರ್ಥಿಗೆ ಅಂತಹ ನಿರ್ಬಂಧವಿಲ್ಲ. ಅವನಿಗೆ ಕಾಯುವುದನ್ನು ಕಲಿಸಬೇಕಾದವರು ನಾವು.

ಡಿಜಿಟಲ್ ಎಂಬ ವಿಶೇಷಣದ ಒಳಗಿರುವ ಕ್ರಿಯೆಯಾದರೂ ಹಳ್ಳಿಯ ಮಕ್ಕಳಿಗೆ ಅರ್ಥವಾಗದಷ್ಟು ಗಹನವಲ್ಲ. ಫಿಲ್ಮಿನ ಜಾಗದಲ್ಲಿ ಈಗ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನಿನ ಪುಟ್ಟ ಫಲಕವಿದೆ. ಅದರ ಮೇಲೆ ಕೋಟಿಗೂ ಮಿಕ್ಕಿ ಕಣ್ಣಿಗೆ ಕಾಣದಷ್ಟು ಸಣ್ಣ ಮಡಿಗಳಿವೆ. 12 ಮೆಗಾಪಿಕ್ಸೆಲ್ ಎಂದರೆ 1 ಕೋಟಿ 20 ಲಕ್ಷ ಮಡಿಗಳೆಂದೇ ಅರ್ಥ. ಹುಡುಗಿಗೆ ಇದನ್ನು ವಿವರಿಸುವಾಗ ನಾನು ಕಾಲ ಕೆಳಗಿನ ಹೊಲವನ್ನೇ ತೋರಿಸಿದೆ. ಎರೆಯ ಹೊಲಕ್ಕೆ ಒಡ್ಡು ಹಾಕಿ ನೀರು ನಿಲ್ಲಿಸುವಂತೆ, ಒಂದೊಂದು ಮಡಿಯೂ ತನ್ನ ಪಾಲಿಗೆ ಸುರಿದ ಬೆಳಕನ್ನು ಹಿಡಿದಿಡುತ್ತದೆ. ಎಷ್ಟು ನಿಂತಿತೆಂಬ ಅಳತೆಯೇ ಚಿತ್ರದ ಆ ಬಿಂದುವಿನ ಹೊಳಪು. ಒಡ್ಡು ತುಂಬಿ ಹರಿದುಹೋದ ನೀರನ್ನು ಮರಳಿ ತರಲಾಗುವುದಿಲ್ಲ. ಹಾಗೆಯೇ ಬೆಳಕು ಮೀರಿ ಬರಿಯ ಬಿಳಿಯಾದ ಭಾಗದಲ್ಲಿ ಆಮೇಲೆ ಎಷ್ಟು ತಿದ್ದಿದರೂ ಹತ್ತಿಯ ಎಳೆ ಕಾಣಿಸದು. ತಳದಲ್ಲಿ ತುಸುವೇ ನಿಂತ ನೀರನ್ನಾದರೆ ಬಗ್ಗಿ ತುಂಬಿಕೊಳ್ಳಬಹುದು, ಕೆಸರು ಬೆರೆತೀತು. ನೆರಳಿನ ಭಾಗವನ್ನು ಆಮೇಲೆ ಬೆಳಗಿಸಿದರೆ ಮರಳು ಮರಳಾದ ಕಲೆಗಳು ಏಳುವುದು ಇದೇ ಕಾರಣಕ್ಕೆ. ಆದುದರಿಂದ ಹತ್ತಿಗೆ ಬೆಳಕನ್ನು ಏರಿಸುವುದಕ್ಕೂ ಒಂದು ಮಿತಿಯುಂಟು; ಒಡ್ಡಿನ ಅಂಚನ್ನು ಬಲ್ಲವನು ಅಂಚಿನೊಳಗೇ ನಿಲ್ಲುತ್ತಾನೆ. ಇಷ್ಟನ್ನು ಕೇಳಿ ಪಕ್ಕದಲ್ಲಿ ನಿಂತಿದ್ದ ಹೊಲದೊಡೆಯನು, "ಹಂಗಾದ್ರ ಇದೂ ಒಕ್ಕಲತನ ಆತಲ್ರಿ," ಎಂದನು.

ಆ ಮಡಿಗಳಿಗೆ ಬಣ್ಣವೆಂಬುದು ತಿಳಿಯದು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕಂಡುಹಿಡಿದ ಕ್ರಮದಂತೆ, ಪ್ರತಿಯೊಂದರ ಮೇಲೂ ಒಂದು ಬಣ್ಣದ ತೆರೆಯನ್ನು ಹೊದಿಸಿರುತ್ತಾರೆ. ಅರ್ಧದಷ್ಟಕ್ಕೆ ಹಸಿರು, ಉಳಿದರ್ಧದಲ್ಲಿ ಕೆಂಪಿಗೂ ನೀಲಿಗೂ ಸಮಪಾಲು. ಮನುಷ್ಯನ ಕಣ್ಣು ಹಸಿರಿನ ಬೆಳಕಿಗೆ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುವುದರಿಂದ ಅದಕ್ಕೆ ಹೆಚ್ಚಿನ ಪಾಲು. ಅದೇ ಸಂಸ್ಥೆಯಲ್ಲಿ 1975ರಲ್ಲಿ ಸ್ಟೀವನ್ ಸಾಸನ್ ಎಂಬ ತರುಣ ಎಂಜಿನಿಯರು ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದ ಬಿಂದುಗಳು ಕೇವಲ 10,000. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬರೆಯುವುದಕ್ಕೆ ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಈ ಕಥೆಯನ್ನು ಭೌತಶಾಸ್ತ್ರದ ಪಾಠದಲ್ಲಿ ಹೇಳಿದರೆ ಯಾವ ಮಗು ಕಿವಿಗೊಡದು?

ಇನ್ನು ನನ್ನದೇ ಜೀವನದ ಒಂದು ಪ್ರಸಂಗವನ್ನು ಹೇಳಬೇಕಾಗಿದೆ; ಅದನ್ನು ಹೇಳದೆ ಈ ವಿಷಯದಲ್ಲಿ ನನಗಿರುವ ಕಾತರವು ಓದುಗರಿಗೆ ತಿಳಿಯದು. ಬಹಳ ವರ್ಷಗಳ ಹಿಂದೆ, ಆಗತಾನೆ ಕೊಂಡಿದ್ದ ಚಿಕ್ಕ ಡಿಜಿಟಲ್ ಕ್ಯಾಮೆರಾವನ್ನು ಹಿಡಿದು ನಾನು ಈ ಜಿಲ್ಲೆಯ ಒಂದು ಊರಿಗೆ ಹೋಗಿದ್ದೆ. ಗುಡಿಯ ಹಿಂಬದಿಯ ಗೋಡೆಯಲ್ಲಿ ವೀರಗಲ್ಲೊಂದನ್ನು ಕೂಡಿಸಿದ್ದರು; ಅದರ ಪಟ್ಟಿಕೆಯಲ್ಲಿ ಎರಡು ಸಾಲು ಸವೆದ ಅಕ್ಷರಗಳಿದ್ದವು. ನಡುಹಗಲಿನ ಹೊತ್ತು. ಬಿಸಿಲು ಕಲ್ಲಿನ ಮೇಲೆಲ್ಲ ಸಮನಾಗಿ ಸುರಿಯುತ್ತಿತ್ತು. ಕಲ್ಲು ಚೆನ್ನಾಗಿ ಬೆಳಗುತ್ತಿದೆ, ಇದಕ್ಕಿಂತ ಒಳ್ಳೆಯ ಸಮಯವುಂಟೇ ಎಂದುಕೊಂಡು ನಾಲ್ಕು ಚಿತ್ರಗಳನ್ನು ತೆಗೆದು ಬಂದೆ. ಮನೆಯಲ್ಲಿ ತೆರೆದು ನೋಡಿದರೆ ವೀರನು ಕಾಣುತ್ತಿದ್ದನು, ಕುದುರೆ ಕಾಣುತ್ತಿತ್ತು, ಅಕ್ಷರಗಳು ಮಾತ್ರ ಕಲ್ಲಿನೊಳಗೆ ಕರಗಿಹೋಗಿದ್ದವು. ಮತ್ತೊಮ್ಮೆ ಹೋದರಾಯಿತೆಂದು ಬಿಟ್ಟೆ. ಎರಡು ವರ್ಷಗಳ ಮೇಲೆ ಹೋದಾಗ, ಜಾತ್ರೆಯ ನಿಮಿತ್ತ ಗುಡಿಯನ್ನು ಅಲಂಕರಿಸಿದ್ದವರು ಭಕ್ತಿಯಿಂದಲೇ ಆ ಕಲ್ಲಿಗೂ ದಪ್ಪನಾಗಿ ಎಣ್ಣೆಬಣ್ಣ ಬಳಿದಿದ್ದರು. ಅಕ್ಷರಗಳ ಕುಳಿಗಳು ಬಣ್ಣದಿಂದ ಮುಚ್ಚಿಹೋಗಿದ್ದವು. ಆ ಎರಡು ಸಾಲುಗಳು ಯಾರ ಹೆಸರನ್ನು ಹೇಳುತ್ತಿದ್ದವೋ, ಯಾವ ಊರಿನ ತುರುಗಳನ್ನು ಕಾದು ಆತ ಮಡಿದನೋ, ನನ್ನಲ್ಲಿರುವ ನಾಲ್ಕು ಚಿತ್ರಗಳಿಂದ ಯಾರೂ ಇನ್ನು ತಿಳಿಯಲಾರರು.

ಬೆಳಿಗ್ಗೆ ಬಿಸಿಲು ಏರುವ ಮುನ್ನ, ಇಲ್ಲವೆ ಸಂಜೆ ಇಳಿಯುವಾಗ, ಕಿರಣಗಳು ಕಲ್ಲಿನ ಮೈಯನ್ನು ಬದಿಯಿಂದ ಸವರಿಕೊಂಡು ಹೋಗುವ ಹೊತ್ತಿನಲ್ಲಿ ತೆಗೆದಿದ್ದರೆ, ಪ್ರತಿಯೊಂದು ಕುಳಿಯೂ ತನ್ನೊಳಗೆ ಒಂದು ಗೆರೆ ನೆರಳನ್ನು ತುಂಬಿಕೊಂಡು ಅಕ್ಷರವು ಎದ್ದು ನಿಲ್ಲುತ್ತಿತ್ತು. ಬಿಸಿಲು ಆ ಕೋನದಲ್ಲಿ ಎಂದೂ ಬೀಳದ ಗೋಡೆಯಾದರೆ, ಮುಸ್ಸಂಜೆಯಲ್ಲಿ ಬ್ಯಾಟರಿಯ ದೀಪವೊಂದನ್ನು ಪಕ್ಕದಿಂದ ಹಿಡಿದರೂ ಸಾಕಾಗುತ್ತಿತ್ತು. ಇಷ್ಟು ಸಣ್ಣ ಮಾತು! ಇದನ್ನು ನನಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ. ತಿಳಿಯುವ ಹೊತ್ತಿಗೆ ಕಲ್ಲು ಬಣ್ಣ ಬಳಿದುಕೊಂಡಿತ್ತು. ಅಮ್ಮಿನಬಾವಿಯಂತಹ ಊರುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ? ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಹುಟ್ಟಿದಂದಿನಿಂದ ವಿದ್ವಾಂಸರು ಶಾಸನಗಳನ್ನು ಅರಸಿ ಹಳ್ಳಿ ಹಳ್ಳಿ ತಿರುಗಿದ್ದಾರೆ. ಆದರೂ ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಹಿತ್ತಲ ಮೂಲೆಯಲ್ಲಿ ಇರುವ ಕಲ್ಲುಗಳನ್ನು ಎಲ್ಲಕ್ಕಿಂತ ಮೊದಲು ಕಾಣುವವರು ಆ ಊರಿನ ಮಕ್ಕಳು. ಅವರಲ್ಲಿ ಪ್ರತಿ ಊರಿಗೆ ಇಬ್ಬರಿಗೆ ಬದಿಯ ಬೆಳಕಿನ ಮರ್ಮ ಗೊತ್ತಿದ್ದರೆ ಎಷ್ಟು ಅಕ್ಷರಗಳು ಉಳಿದಾವು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಬೆಳಕನ್ನು ಓದುವ ಈ ಶಿಕ್ಷಣವನ್ನು ಪಡೆದವರು ಏನಾದರೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ವಿದ್ಯಾರ್ಥಿಯಾಗಿ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಹೊರಬಂದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ, ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಆ ಪ್ರಸಿದ್ಧವಾದ ಬೆಳಕಿನ ಕೋಲನ್ನು ಅವರು ಸಾಧಿಸಿದ್ದು ದುಬಾರಿಯಾದ ದೀಪಗಳಿಂದಲ್ಲ, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊಟ್ಟಮೊದಲ ಛಾಯಾಗ್ರಾಹಕರೂ ಅವರೇ. ಅದೇ 1923ರಲ್ಲಿ ಅದೇ ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ, ಅದರಲ್ಲಿಯೂ ಮಕ್ಕಳ, ಚಿತ್ರಗಳಿಂದ ಲೋಕಪ್ರಸಿದ್ಧರಾದರು. ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕಾದ ತಾಳ್ಮೆಯಂತೂ ಕನ್ನಡ ಓದುಗರೆಲ್ಲರಿಗೂ ಗೊತ್ತು.

ಈಗಿನ ಕಾಲದ ಒಂದು ವಿಶೇಷ ವಿಪತ್ತನ್ನು ಇಲ್ಲಿ ಹೇಳತಕ್ಕುದು. ದೊಡ್ಡ ಕ್ಯಾಮೆರಾದಲ್ಲಿ ಮಸೂರದ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸಿ, ಮುಂದಿನ ಮುಖವನ್ನು ಸ್ಫುಟವಾಗಿಸಿ ಹಿನ್ನೆಲೆಯನ್ನು ಮಸುಕಾಗಿಸಬಹುದು. ಮೊಬೈಲಿನ ಮಸೂರಗಳಲ್ಲಿ ಬಹುಪಾಲು ಈ ಕಿಂಡಿಯು ಸ್ಥಿರವಾಗಿರುವುದರಿಂದ, ಮಸುಕನ್ನು ಯಂತ್ರವು ಲೆಕ್ಕಾಚಾರದಿಂದ ಕಲ್ಪಿಸಿ ಬಳಿಯುತ್ತದೆ. ಮುಖದ ಅಂಚೆಲ್ಲಿ, ಹಿನ್ನೆಲೆಯೆಲ್ಲಿ ಎಂದು ಊಹಿಸುವಲ್ಲಿ ಅದು ಎಡವಿ, ಎತ್ತಿನ ಕೊಂಬಿನ ತುದಿಯನ್ನೂ ಅಜ್ಜಿಯ ಕಿವಿಯ ಬುಗುಡಿಯನ್ನೂ ಅಳಿಸಿಬಿಡುವುದುಂಟು. ಇದಕ್ಕಿಂತಲೂ ನನ್ನ ಮನಸ್ಸನ್ನು ನೋಯಿಸುವುದು, ಮುಖವನ್ನು ಸುಂದರಗೊಳಿಸುವ ನೆಪದಲ್ಲಿ ಕೆಲವು ಫೋನುಗಳು ತಾವಾಗಿಯೇ ಚರ್ಮವನ್ನು ನುಣುಪುಮಾಡಿ, ಬಣ್ಣವನ್ನು ತಿಳಿಯಾಗಿಸುವ ಪರಿ. ಬಿಸಿಲಿನಲ್ಲಿ ದುಡಿದು ಎರೆಮಣ್ಣಿನ ಬಣ್ಣವನ್ನೇ ಪಡೆದ ನಮ್ಮ ಹೆಣ್ಣುಮಕ್ಕಳ ಮುಖವನ್ನು ಯಂತ್ರವೊಂದು ತಿದ್ದಿ ಬೆಳ್ಳಗೆ ಮಾಡಿ, 'ನೀನು ಹೀಗಿದ್ದರೆ ಚೆನ್ನ' ಎಂದು ಅವರ ಕೈಗೇ ಕೊಡುವುದು ಅವಮಾನವಲ್ಲದೆ ಮತ್ತೇನು? ಹದಿನಾರು ವರ್ಷದ ಹುಡುಗಿಗೆ ಆ ಗುಂಡಿ ಎಲ್ಲಿದೆ, ಅದನ್ನು ಆರಿಸುವುದು ಹೇಗೆ ಎಂದು ತೋರಿಸಿಕೊಡುವುದನ್ನು ನಾನು ಸಣ್ಣ ಪಾಠವೆಂದು ತಿಳಿದಿಲ್ಲ. ನಮ್ಮ ಹುಡುಗಿ ಅದನ್ನು ಅಂದೇ ಆರಿಸಿದಳು.

ವೇಗದ ಪಾಠವನ್ನು ಅವಳು ಕಣದಲ್ಲಿ ಕಲಿತಳು. ಹೆಂಗಸರು ಮೊರದಿಂದ ಕಾಳನ್ನು ತೂರುತ್ತಿದ್ದರು. 1/1000 ಸೆಕೆಂಡು ಮಾತ್ರ ಬೆಳಕನ್ನು ಒಳಗೆ ಬಿಟ್ಟಾಗ ಕಾಳುಗಳು ಗಾಳಿಯಲ್ಲಿ ಬಿಡಿ ಮಣಿಗಳಾಗಿ ನಿಂತವು. ಹೊತ್ತು ಇಳಿದು ಮಬ್ಬಾದ ಮೇಲೆ 1/30 ಸೆಕೆಂಡಿಗೆ ಇಳಿಸಿದಾಗ ಅದೇ ಕಾಳುಗಳು ಗೆರೆಗಳಾಗಿ, ಮೊರದಿಂದ ನೆಲದವರೆಗೆ ಒಂದು ತೆಳುವಾದ ಪರದೆ ಇಳಿಬಿಟ್ಟಂತೆ ಕಂಡಿತು. "ಇದರಾಗ ಖರೇದು ಯಾವುದು, ಅಜ್ಜಾ?" ಎಂದು ಕೇಳಿದಳು. ಎರಡೂ ಖರೆಯೇ. ಕಾಳನ್ನು ಹೇಳಬೇಕೋ, ತೂರುವಿಕೆಯನ್ನು ಹೇಳಬೇಕೋ ಎಂಬುದನ್ನು ಹೇಳುವವನು ಆರಿಸಿಕೊಳ್ಳಬೇಕು. ಹೀಗೆ ಆರಿಸಿಕೊಳ್ಳುವ ಸಂದರ್ಭಗಳು ನಮ್ಮ ಪಠ್ಯಕ್ರಮದಲ್ಲಿ ಬಹಳ ವಿರಳ.

ತಂದೆತಾಯಿಗಳ ಆಕ್ಷೇಪ ನನಗೆ ಗೊತ್ತಿಲ್ಲದಿಲ್ಲ. ಮೊದಲೇ ಮಕ್ಕಳು ಮೊಬೈಲಿನೊಳಗೆ ಮುಳುಗಿದ್ದಾರೆ, ಶಾಲೆಯಲ್ಲಿಯೂ ಅದನ್ನೇ ಕೊಡಬೇಕೆ ಎಂದು ಅವರು ಕೇಳುತ್ತಾರೆ. ಆತಂಕವು ನ್ಯಾಯವಾದದ್ದು. ಆದರೆ ಪರದೆಯನ್ನು ನೋಡುತ್ತ ಕುಳಿತ ಹುಡುಗನಿಗೂ, ಬಸದಿಯ ಗೋಡೆಯ ಮೇಲೆ ಬಿಸಿಲು ಇಳಿಯುವುದನ್ನು ಕಾಯುತ್ತ ಒಂದು ತಾಸು ನಿಂತ ಹುಡುಗನಿಗೂ ಇರುವ ಭೇದವನ್ನು ಗಮನಿಸಬೇಕೆಂದು ಅವರಲ್ಲಿ ನನ್ನ ಪ್ರಾರ್ಥನೆ. ಎರಡನೆಯವನ ಫೋನು ಆ ತಾಸಿನಲ್ಲಿ ಬಹುಪಾಲು ಕಿಸೆಯೊಳಗೇ ಇರುತ್ತದೆ. ನಾನಂತೂ ಮೊದಲ ಎರಡು ವಾರ ಕ್ಯಾಮೆರಾವನ್ನೇ ಮುಟ್ಟಗೊಡಿಸದೆ, ಒಂದೇ ಬೇವಿನ ಮರದ ನೆರಳನ್ನು ಬೆಳಿಗ್ಗೆ, ನಡುಹಗಲು, ಸಂಜೆ ನೋಡಿ ನೋಟುಬುಕ್ಕಿನಲ್ಲಿ ಬರೆಯಲು ಹೇಳಬೇಕೆನ್ನುವವನು. ಮೇ ತಿಂಗಳ ಮೊದಲ ದಿನಗಳಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯನು ನೆಟ್ಟನೆ ನೆತ್ತಿಯ ಮೇಲೆ ಬರುವಾಗ ನಿಂತ ಮನುಷ್ಯನ ನೆರಳು ಅವನ ಪಾದದೊಳಗೆ ಅಡಗಿ, ಕಣ್ಣುಗಳು ಹುಬ್ಬಿನ ಕೆಳಗಿನ ಎರಡು ಕಪ್ಪು ಹೊಂಡಗಳಾಗುತ್ತವೆ. ಪುಷ್ಯದ ಬಿಸಿಲಾದರೆ ದಿನವೆಲ್ಲ ದಕ್ಷಿಣಕ್ಕೆ ವಾಲಿ ಮುಖದ ಮೇಲೆ ಓರೆಯಾಗಿ ಬೀಳುತ್ತದೆ. ಇದನ್ನು ಕಣ್ಣಿನಿಂದ ಕಂಡವನಿಗೆ ಭೂಗೋಳದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಹಣದ ಪ್ರಶ್ನೆಯನ್ನೂ ಎತ್ತುತ್ತಾರೆ. ಲಕ್ಷ ರೂಪಾಯಿಯ ಕ್ಯಾಮೆರಾ ಇಲ್ಲದೆ ಕಲಿಕೆಯಿಲ್ಲವೆಂಬ ಭ್ರಮೆಯನ್ನು ಹುಟ್ಟಿಸಿದವರು ಮಾರುವವರು. ಒಂದು ತರಗತಿಗೆ ನಾಲ್ಕೈದು ಸಾಮಾನ್ಯ ಮೊಬೈಲುಗಳು, ಒಂದು ಬಿಳಿಯ ರಟ್ಟು, ಒಂದು ಕನ್ನಡಿ ಇದ್ದರೆ ಒಂದು ವರ್ಷದ ಪಾಠಕ್ಕೆ ಸಾಕು. ಕಲಿಸುವವರೂ ನಮ್ಮಲ್ಲಿದ್ದಾರೆ. ಹೈಸ್ಕೂಲುಗಳ ಚಿತ್ರಕಲಾ ಶಿಕ್ಷಕರು ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಗೊಳಿಸುವಾಗ ಮಡಕೆಯ ಮೇಲೆ ಬೆಳಕು ಬೀಳುವ ಬದಿ, ನೆರಳಿನ ಬದಿ, ನೆಲದ ಮೇಲಿನ ನೆರಳು ಎಂದು ಬಿಡಿಸಿ ಹೇಳುತ್ತಾರಲ್ಲವೆ? ಛಾಯಾಗ್ರಹಣದ ಮುಕ್ಕಾಲು ಪಾಠ ಅದರಲ್ಲಿಯೇ ಇದೆ, ಡಿ. ವಿ. ಹಾಲಬಾವಿಯವರಂತಹ ಗುರುಗಳು ಚಿತ್ರವಿದ್ಯೆಯನ್ನು ಬೆಳೆಸಿದ ಧಾರವಾಡದಲ್ಲಿ ಆ ಪರಂಪರೆಯ ಶಿಕ್ಷಕರಿಗೆ ಉಳಿದ ಕಾಲುಭಾಗವನ್ನು ಒಂದು ವಾರದ ತರಬೇತಿಯಲ್ಲಿ ಕೊಡಬಹುದು. ವಿಶೇಷಾಧ್ಯಯನ ಬಯಸುವವರಿಗೆ ಮೈಸೂರಿನ ಚಾಮರಾಜೇಂದ್ರ ಅಕಾಡೆಮಿಯಂತಹ ಸಂಸ್ಥೆಗಳುಂಟು. ನಾನು ಕೇಳುತ್ತಿರುವುದು ಎಲ್ಲ ಮಕ್ಕಳಿಗೂ ಬೇಕಾದ ಅಕ್ಷರಾಭ್ಯಾಸವನ್ನು: ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ವಾರಕ್ಕೆ ಒಂದು ಅವಧಿ, ಚಿತ್ರಕಲೆಯ ಪಾಠದೊಳಗೇ.

ಆ ಅಭ್ಯಾಸದಲ್ಲಿ ಒಂದು ನಿಯಮವನ್ನು ಮೊದಲ ದಿನದಿಂದಲೇ ಹಾಕಬೇಕು. ಚಿತ್ರದೊಡನೆ ಅದರ ವಿವರವನ್ನು ಬರೆಯದೆ ಬಿಡಕೂಡದು: ಯಾವ ಊರು, ಯಾವ ಹೊಲ, ಯಾವ ದಿನ, ಯಾವ ಹೊತ್ತು, ಯಾರು, ಅವರನ್ನು ಕೇಳಿ ತೆಗೆದದ್ದೆ. ಯಂತ್ರವು ದಿನಾಂಕವನ್ನು ತಾನೇ ಬರೆದುಕೊಳ್ಳುತ್ತದೆ, ನಿಜ. ಹೆಸರನ್ನು ಬರೆಯುವುದಿಲ್ಲ, ಅಪ್ಪಣೆಯನ್ನು ಕೇಳುವುದಿಲ್ಲ. ಧಾರವಾಡದ ಹಳೆಯ ಮನೆಗಳ ಪಡಸಾಲೆಗಳಲ್ಲಿ ತೂಗುಹಾಕಿದ ಚೌಕಟ್ಟುಗಳೊಳಗೆ, ರುಮಾಲು ಸುತ್ತಿ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತ ಎಷ್ಟು ಜನ ಹಿರಿಯರನ್ನು ನಾನು ನೋಡಿದ್ದೇನೆ. ಇವರು ಯಾರೆಂದು ಕೇಳಿದರೆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಸಾಲು ಬರೆದಿದ್ದರೆ ಆ ಹಿರಿಯರು ಇಂದಿಗೂ ತಮ್ಮ ಹೆಸರಿನಿಂದ ಆ ಮನೆಯಲ್ಲಿ ಬಾಳುತ್ತಿದ್ದರು.

ನಮ್ಮ ಹುಡುಗಿ ತೆಗೆದ ಹತ್ತು ಚಿತ್ರಗಳಲ್ಲಿ ನನಗೆ ಮೆಚ್ಚಾದದ್ದು ಉಡಿಯ ತುಂಬ ಹತ್ತಿ ತುಂಬಿಕೊಂಡು ಸಾಲಿನ ನಡುವೆ ನಿಂತ ಒಬ್ಬ ಹಿರಿಯಳದು. ತೆಗೆಯುವ ಮೊದಲು ಕೇಳಿದಾಗ ಆಕೆ, "ತಗಿಯವ್ವಾ, ಆದ್ರ ಕಾಗದದ ಮ್ಯಾಲ ಮಾಡಿ ತಂದು ಕೊಡಬೇಕ ನೋಡು," ಎಂದು ಕರಾರು ಹಾಕಿದ್ದಳು. ಮುಂದಿನ ವಾರ ಧಾರವಾಡದ ಸ್ಟುಡಿಯೋ ಒಂದರಲ್ಲಿ ಪ್ರಿಂಟು ಹಾಕಿಸಿ, ಹಿಂಬದಿಯಲ್ಲಿ ಆಕೆಯ ಹೆಸರು, ಹೊಲದ ಹೆಸರು, ತಾರೀಖು, ಬೆಳಗಿನ ಎಂಟು ಗಂಟೆಯೆಂಬ ಹೊತ್ತು ಎಲ್ಲವನ್ನೂ ಪೆನ್ಸಿಲಿನಿಂದ ಬರೆದು, ಇಬ್ಬರೂ ಮತ್ತೆ ಅಮ್ಮಿನಬಾವಿಗೆ ಹೋದೆವು. ಆಕೆ ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಎರಡು ಬೆರಳುಗಳಲ್ಲಿ ಅಂಚಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ತನ್ನ ಮುಖದ ಮಾತನ್ನು ಎತ್ತಲಿಲ್ಲ. "ಹತ್ತಿ ಹೆಂಗ ಬೆಳ್ಳಗ ಬಂದೈತಿ ನೋಡು," ಎಂದಳು. ಆಮೇಲೆ ಬೇವಿನ ಬುಡದಲ್ಲಿ ಕಟ್ಟಿದ್ದ ಎತ್ತುಗಳ ಕಡೆಗೆ ಕೈ ತೋರಿಸಿ, ಅವುಗಳದೂ ಒಂದು ಆಗಲಿ ಎಂದಳು.

ಹುಡುಗಿ ಮೊಬೈಲನ್ನು ಹೊರಗೆ ತೆಗೆದವಳು ಒಮ್ಮೆ ಮೇಲಕ್ಕೂ, ಒಮ್ಮೆ ಎತ್ತುಗಳ ಕಾಲಡಿಯ ಗಿಡ್ಡ ನೆರಳಿಗೂ ನೋಡಿ, ಮತ್ತೆ ಅದನ್ನು ಕಿಸೆಗೆ ಇಳಿಸಿದಳು. "ಈಗ ಬ್ಯಾಡ ಯವ್ವಾ, ಬಿಸಲು ಏರೇತಿ. ಸಂಜಿಮುಂದ ಬರ್ತೀನಿ," ಎಂದಳು.